ಜಪಾನನ್ನು ನಗಿಸಿದ ಉವೆಕಿ ಹಿತೋಶಿ

ನಗೋಯಾದಲ್ಲಿ ಹಿರಿಯ ಸಹೋದ್ಯೋಗಿಗಳ ಜೊತೆ ಕರೋಕೆಗೆ ಹೋದರೆ ‘ಸೂದರಾ ಬುಶಿ’ ಕೇಳದೆ ಬರುವುದು ಕಷ್ಟ. ಆಫೀಸಿನಲ್ಲಿ ತಲೆ ಎತ್ತದೆ ಕೆಲಸ ಮಾಡುವವರೂ ಈ ಹಾಡು ಶುರುವಾದರೆ ಎದ್ದು ಕೈ ಬೀಸಿಕೊಂಡು ಕುಣಿಯುತ್ತಾರೆ. 1961ರ ಆಗಸ್ಟ್‌ನಲ್ಲಿ ಬಂದ ಹಾಡು ಇದು. ಹಾಡಿದವರು ಹಾಸ್ಯನಟ, ಗಾಯಕ ಉವೆಕಿ ಹಿತೋಶಿ. ಜಪಾನಿನವರು ಬರೀ ಶಿಸ್ತಿನ ಜನ ಅಂದುಕೊಂಡಿರುವ ಊರಿನ ಗೆಳೆಯರಿಗೆ ಇವರ ಬಗ್ಗೆ ಹೇಳಲೇಬೇಕು.

ಹಾಡಿನ ನಾಯಕ ಒಬ್ಬ ಸಾಮಾನ್ಯ ನೌಕರ. ಒಂದೇ ಗ್ಲಾಸ್ ಅಂತ ಕುಡಿಯೋಕೆ ಹೋಗಿ ಕೊನೆಗೆ ಸ್ಟೇಷನ್ ಬೆಂಚಿನ ಮೇಲೆ ಮಲಗಿರುತ್ತಾನೆ. ಬೋನಸ್ ದುಡ್ಡನ್ನು ಕುದುರೆ ರೇಸಿನಲ್ಲಿ ಕಳೆಯುತ್ತಾನೆ. ತಪ್ಪು ಅಂತ ಗೊತ್ತು, ಆದರೆ ಬಿಡೋಕಾಗಲ್ಲ. ಬರೆದವರು ಅಓಶಿಮಾ ಯುಕಿಓ. ಮುಂದೆ ಅವರು ಟೋಕಿಯೊದ ಗವರ್ನರ್ ಕೂಡ ಆದರು!

ಉವೆಕಿಗೆ ಮಾತ್ರ ಈ ಹಾಡು ಇಷ್ಟವಿರಲಿಲ್ಲ. ಅವರು ಕುಡಿಯುತ್ತಿರಲಿಲ್ಲ, ತುಂಬಾ ಗಂಭೀರ ಸ್ವಭಾವದವರು. ಇಂಥದ್ದನ್ನು ಹಾಡಿದರೆ ತನ್ನ ಬದುಕು ಏನಾಗುತ್ತದೋ ಅಂತ ಹೆದರಿ ತಂದೆಯನ್ನು ಕೇಳಿದರು.

ಆ ತಂದೆ ಉವೆಕಿ ತೆತ್ಸುಜೊ ಬೌದ್ಧ ಪುರೋಹಿತರು. ನಗೋಯಾದ ಪಕ್ಕದ ಮಿಯೆ ಪ್ರಾಂತ್ಯದಲ್ಲಿ ಸೇವೆಯಲ್ಲಿದ್ದರು. ಹುಟ್ಟಿನ ಕಾರಣಕ್ಕೆ ಸಮಾಜ ದೂರ ಇಟ್ಟಿದ್ದ ಬುರಾಕು ಜನರ ಪರ ನಿಂತವರು. ಯುದ್ಧ ಅಂದರೆ ಗುಂಪು ಕೊಲೆ, ಅಲ್ಲಿ ಯಾರನ್ನೂ ಕೊಲ್ಲಬೇಡಿ, ನೀವೂ ಸಾಯಬೇಡಿ ಅಂತ ಸೈನ್ಯಕ್ಕೆ ಹೊರಟ ಹುಡುಗರಿಗೆ ಹೇಳುತ್ತಿದ್ದರು. 1938ರಲ್ಲಿ ಅವರನ್ನು ಬಂಧಿಸಿದರು. ಆಗ ಪುಟ್ಟ ಹಿತೋಶಿ ಪುರೋಹಿತರ ನಿಲುವಂಗಿ ತೊಟ್ಟು, ತಂದೆಯ ಬದಲು ಭಕ್ತರ ಮನೆಗಳಿಗೆ ಹೋಗಿ ಸೂತ್ರ ಓದಿ ಬರುತ್ತಿದ್ದ.

ಇಂಥ ತಂದೆ ಬೈಯುತ್ತಾರೆ ಅಂತಲೇ ಮಗ ಅಂದುಕೊಂಡಿದ್ದರು. ತೆತ್ಸುಜೊ ಹಾಡು ಕೇಳಿ ಖುಷಿಪಟ್ಟರು. ತಪ್ಪೆಂದು ಗೊತ್ತಿದ್ದೂ ಬಿಡಲಾಗದ ಮನುಷ್ಯನ ಬಗ್ಗೆಯೇ ತಮ್ಮ ಬೌದ್ಧ ಪಂಥ ಸ್ಥಾಪಿಸಿದ ಗುರು ಶಿನ್ರಾನ್ ಮಾತಾಡಿದ್ದು, ಧೈರ್ಯವಾಗಿ ಹಾಡು ಅಂದರು. ಉವೆಕಿಯ ಬದುಕಿನಲ್ಲಿ ನನಗೆ ಅತ್ಯಂತ ಇಷ್ಟವಾದ ಘಟನೆ ಇದು. ಸೋತವನನ್ನು ಕೀಳಾಗಿ ನೋಡದ ಗುಣ ಆ ಹಾಡಿಗೆ ತಂದೆಯಿಂದಲೇ ಬಂತು ಅಂತ ನನ್ನ ನಂಬಿಕೆ.

ಉವೆಕಿ ಶುರುವಿನಲ್ಲಿ ಗಿಟಾರ್ ವಾದಕರು. 1957ರಲ್ಲಿ ಹನಾ ಹಾಜಿಮೆಯ ‘ಕ್ರೇಜಿ ಕ್ಯಾಟ್ಸ್’ ಸೇರಿದರು. ಜಾಜ್ ನುಡಿಸುತ್ತಲೇ ನಗಿಸುವ ತಂಡ ಅದು. 1961ರಿಂದ ಟಿವಿಯಲ್ಲಿ ‘ಶಾಬೊಂದಮಾ ಹಾಲಿಡೇ’ ಬಂತು. ಅದರಲ್ಲಿ ಉವೆಕಿ ಸಂಬಂಧವೇ ಇಲ್ಲದ ವೇಷದಲ್ಲಿ ದೃಶ್ಯದ ನಡುವೆ ನುಗ್ಗುತ್ತಾರೆ. ಎಲ್ಲರೂ ಸುಮ್ನೆ ನೋಡುತ್ತಾರೆ. ತನ್ನ ಅಗತ್ಯ ಇಲ್ಲಿಲ್ಲ ಅಂತ ಹೊಳೆದು, ಕ್ಷಮೆ ಕೇಳಿ ಹೊರಟುಬಿಡುತ್ತಾರೆ. ಇಷ್ಟೇ. ಭಾಷೆ ಬರದಿದ್ದರೂ ನಗು ಬರುತ್ತದೆ.

1962ರ ‘ನಿಪ್ಪೊನ್ ಮುಸೆಕಿನಿನ್ ಜಿದಾಯ್’ ಚಿತ್ರದಿಂದ ಅವರು ದೇಶಕ್ಕೆಲ್ಲ ‘ಬೇಜವಾಬ್ದಾರಿ ಮನುಷ್ಯ’ ಆದರು. ದುಡಿದು ದುಡಿದು ದೇಶ ಕಟ್ಟುತ್ತಿದ್ದ ಕಾಲ ಅದು. ಮೇಲಧಿಕಾರಿಗೆ ತಲೆಬಾಗಿ ಮನೆಗೆ ಬಂದ ನೌಕರನಿಗೆ, ಯಾರಿಗೂ ಹೆದರದೆ ನಗುತ್ತಾ ಮೇಲೇರುವ ಈ ನಾಯಕ ಎಷ್ಟು ಹಿತ ಕೊಟ್ಟಿರಬೇಕು, ಅಲ್ವಾ?

ಅವರೇನೂ ಆರಾಮಾಗಿರಲಿಲ್ಲ. ಕೆಲಸ ಜಾಸ್ತಿಯಾಗಿ 1964ರಲ್ಲಿ ಆಸ್ಪತ್ರೆ ಸೇರಿದರು. ಅಲ್ಲಿಗೆ ಡ್ರೈವರ್ ಕೆಲಸ ಕೇಳಿಕೊಂಡು ಒಬ್ಬ ಹುಡುಗ ಬಂದ. ಅವನಿಗೆ ತಂದೆ ಇಲ್ಲ ಅಂತ ತಿಳಿದಾಗ, ನನ್ನನ್ನೇ ತಂದೆ ಅಂದುಕೋ ಅಂದರಂತೆ. ಆ ಹುಡುಗನೇ ಮುಂದೆ ಹೆಸರು ಮಾಡಿದ ಹಾಸ್ಯನಟ ಕೊಮಾತ್ಸು ಮಸಾಓ. ಕೊನೆವರೆಗೂ ಅವರು ಉವೆಕಿಯನ್ನು ‘ಓಯಾಜಿಸಾನ್’, ಅಂದರೆ ಅಪ್ಪ ಅಂತಲೇ ಕರೆದರು.

1985ರಲ್ಲಿ ನಿರ್ದೇಶಕ ಕುರೊಸಾವಾ ಅವರ ‘ರಾನ್’ ಚಿತ್ರದಲ್ಲಿ ಉವೆಕಿ ನಟಿಸಿದರು. ತಂದೆ ಹೊರಹಾಕಿದ ಕಿರಿಯ ಮಗ ಸಾಬುರೊಗೆ ಆಸರೆ ಕೊಡುವ ದೊರೆ ಫುಜಿಮಾಕಿ ಇವರೇ. 1990ರಲ್ಲಿ ಹಳೆಯ ಹಾಡುಗಳನ್ನು ಪೋಣಿಸಿದ ‘ಸೂದರಾ ದೆನ್ಸೆತ್ಸು’ ಮತ್ತೆ ಗೆದ್ದಿತು. ಆ ವರ್ಷದ ಕೊನೆಯ ರಾತ್ರಿ ಸಾರ್ವಜನಿಕ ಟಿವಿ ಎನ್‌ಎಚ್‌ಕೆಯ ವರ್ಷಾಂತ್ಯದ ಹಾಡಿನ ಕಾರ್ಯಕ್ರಮ ‘ಕೋಹಾಕು’ ವೇದಿಕೆಗೂ ಮರಳಿದರು. 2007ರ ಮಾರ್ಚ್‌ನಲ್ಲಿ, 80ರ ವಯಸ್ಸಿನಲ್ಲಿ ತೀರಿಕೊಂಡರು.

ನೋಡುವ ಆಸೆಯಿದ್ದರೆ ಅವರು ‘ಸೂದರಾ ಬುಶಿ’ ಹಾಡುವ ಹಳೆಯ ದೃಶ್ಯದಿಂದ ಶುರು ಮಾಡಿ. ಬಾಗಿದ ಮಂಡಿ, ತೂಗಾಡುವ ಕೈ, ಬಾಯ್ತುಂಬ ನಗು. ‘ರಾನ್’ ಆಮೇಲೆ ನೋಡಿ.