ಬಾಯಲ್ಲಿ ಕೇಳಬೇಡಿ, ಬರೆದು ಕೇಳಿ: ಕ್ಯಾಲಿಫೋರ್ನಿಯಾದಿಂದ ಒಬ್ಬ ಅಮ್ಮ

ಊರಿಂದ ಫೋನ್ ಮಾಡುವವರು ಒಂದು ಮಾತು ಕೇಳಿಯೇ ಕೇಳುತ್ತಾರೆ: "ಅಲ್ಲಿ ಆಟಿಸಂ ಇರುವಂಥ ಮಕ್ಕಳಿಗೆ ಸರ್ಕಾರವೇ ಎಲ್ಲ ಮಾಡುತ್ತಂತಲ್ಲ, ನಿಜವಾ?" ಅರ್ಧ ನಿಜ. ಕಾನೂನಿನಲ್ಲಿ ಬೇಕಾದಷ್ಟಿದೆ. ಆದರೆ ಯಾರೂ ಮನೆಗೆ ತಂದು ಕೊಡುವುದಿಲ್ಲ. ಯಾವ ಕಚೇರಿಗೆ ಹೋಗಬೇಕು, ಏನು ಬರೆದುಕೊಡಬೇಕು ಎಂದು ಗೊತ್ತಿರುವ ಮನೆಗೆ ಸಿಗುತ್ತದೆ, ಗೊತ್ತಿಲ್ಲದ ಮನೆಯ ಮಗು ಕಾಯುತ್ತಾ ಕೂರುತ್ತದೆ. ನನ್ನ ಮಗನಿಗೆ ಆಟಿಸಂ ಇದೆ. ನಾವಿರುವುದು ಸ್ಯಾನ್ ಹೋಸೆಯ ಹತ್ತಿರ. ಇಲ್ಲಿಗೆ ಬರುವ ಯೋಚನೆಯಲ್ಲಿರುವವರಿಗೂ ಈಗಷ್ಟೇ ಬಂದಿಳಿದವರಿಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದ ಹೆಸರು ರೀಜನಲ್ ಸೆಂಟರ್, ಅಂದರೆ ಇಂಥ ವೈಕಲ್ಯವಿರುವವರಿಗೆ ಸೇವೆ ಕೊಡಿಸುವ ಕೇಂದ್ರ. ಬೇರೆ ರಾಜ್ಯಗಳಲ್ಲಿ ವ್ಯವಸ್ಥೆ ಬೇರೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ 21 ಕೇಂದ್ರಗಳಿವೆ, ನೀವು ಎಲ್ಲಿ ವಾಸವಿದ್ದೀರಿ ಎಂಬುದರ ಮೇಲೆ ನಿಮ್ಮ ಕೇಂದ್ರ ಯಾವುದೆಂದು ತೀರ್ಮಾನವಾಗುತ್ತದೆ. 1960ರ ದಶಕದಲ್ಲಿ ಬೌದ್ಧಿಕ ವೈಕಲ್ಯವಿರುವ ಮಕ್ಕಳಿಗೆ ದೊಡ್ಡ ಸರ್ಕಾರಿ ಆಸ್ಪತ್ರೆಗಳೇ ಗತಿಯಾಗಿದ್ದವು. ಅಲ್ಲಿಗೂ ಉದ್ದನೆಯ ಸರದಿ. ಮಕ್ಕಳನ್ನು ಮನೆಯಲ್ಲೇ, ಊರಲ್ಲೇ ಇಟ್ಟುಕೊಂಡು ಸಾಕಲು ನೆರವು ಕೊಡಿ ಎಂದು ತಂದೆತಾಯಂದಿರು ಪಟ್ಟು ಹಿಡಿದರು. ಅದರ ಫಲ 1969ರ ಲ್ಯಾಂಟರ್ಮನ್ ಕಾಯ್ದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಮೂರ್ಛೆರೋಗ, ಬೌದ್ಧಿಕ ವೈಕಲ್ಯ ಮತ್ತು ಅದಕ್ಕೆ ತೀರಾ ಹತ್ತಿರದ ಸ್ಥಿತಿ, ಇವು 18 ವರ್ಷಕ್ಕೆ ಮೊದಲೇ ಶುರುವಾಗಿ ದಿನದ ಬದುಕಿಗೆ ಗಟ್ಟಿಯಾಗಿ ಅಡ್ಡ ಬರುತ್ತಿದ್ದರೆ ಜೀವನಪರ್ಯಂತ ಸೇವೆ ಸಿಗುತ್ತದೆ. ಇದಕ್ಕೆ ಗ್ರೀನ್ ಕಾರ್ಡ್ ಬೇಕಿಲ್ಲ, ಎಚ್-1ಬಿ ಕೆಲಸದ ವೀಸಾದಲ್ಲಿರುವ ಮನೆಯ ಮಗುವಿಗೂ ಸಿಗುತ್ತದೆ. ಇದು ಗೊತ್ತಿಲ್ಲದೆ ಸುಮ್ಮನಿರುವ ನಮ್ಮವರು ಇನ್ನೂ ಇದ್ದಾರೆ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಮಗುವಿಗೆ ಮೂರು ತುಂಬಿಲ್ಲವಾದರೆ ಡಾಕ್ಟರ್ ಚೀಟಿಗೂ ಕಾಯಬೇಡಿ. ಮಾತು ತಡವಾಗಿದೆ, ಹೆಸರು ಕರೆದರೆ ತಿರುಗಿ ನೋಡುವುದಿಲ್ಲ ಎನಿಸಿದರೆ ತಾಯಿಯೇ ಫೋನ್ ಮಾಡಿ, ಪುಟ್ಟ ಮಕ್ಕಳಿಗೆ ಬೇಗ ನೆರವು ಕೊಡುವ 'ಅರ್ಲಿ ಸ್ಟಾರ್ಟ್' ಯೋಜನೆಗೆ ಹೆಸರು ಕೊಡಬಹುದು. 45 ದಿನದೊಳಗೆ ಮಗುವನ್ನು ನೋಡಿ ಯೋಜನೆ ಸಿದ್ಧ ಮಾಡಬೇಕೆಂಬ ನಿಯಮವಿದೆ. "ಗಂಡುಮಕ್ಕಳು ಮಾತಾಡೋದು ನಿಧಾನ, ಅವರಪ್ಪನೂ ಹಾಗೇ ಇದ್ದ" ಎನ್ನುವ ಹಿರಿಯರ ಸಮಾಧಾನ ಕೇಳಿಕೊಂಡೇ ಅರ್ಜಿ ಹಾಕಿ. ಆಮೇಲೆ ಮಾತು ಬಂದರೆ ಒಳ್ಳೆಯದೇ, ಕಳೆದುಕೊಳ್ಳುವುದೇನೂ ಇಲ್ಲ.

ಮೂರು ತುಂಬಿದ ಮೇಲೆ ಹೊಣೆ ಶಾಲೆಯದು. 1975ರಲ್ಲಿ ಬಂದು ಈಗ ಐಡಿಇಎ ಎಂದು ಕರೆಸಿಕೊಳ್ಳುವ, ವೈಕಲ್ಯವಿರುವ ಮಕ್ಕಳ ಶಿಕ್ಷಣದ ಕೇಂದ್ರ ಕಾನೂನಿನ ಪ್ರಕಾರ ಸ್ಪೀಚ್ ಥೆರಪಿ, ಸಹಾಯಕಿ, ಬೇಕಾದರೆ ಬಸ್ಸು, ಎಲ್ಲವನ್ನೂ ಸರ್ಕಾರಿ ಶಾಲೆ ಉಚಿತವಾಗಿ ಒದಗಿಸಬೇಕು. ನಾನು ಒತ್ತಿ ಹೇಳುವ ಮಾತು ಇಲ್ಲಿದೆ. ಶಾಲೆಯ ಗೇಟಿನ ಬಳಿ ಟೀಚರ್ ಜೊತೆ ಆಡಿದ ಮಾತು ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಮೊದಲ ಶಾಲೆಯವರು "ಒಂದು ವರ್ಷ ನೋಡೋಣ, ಹೊಂದಿಕೊಳ್ಳುತ್ತಾನೆ" ಎಂದು ನಗುನಗುತ್ತಲೇ ದಿನ ದೂಡುತ್ತಿದ್ದರು. ಪಕ್ಕದ ಬೀದಿಯ ತಮಿಳು ಅಕ್ಕ ಒಬ್ಬರು ಹೇಳಿಕೊಟ್ಟಂತೆ ನಾಲ್ಕು ಸಾಲು ಇಮೇಲ್ ಬರೆದೆ: ನನ್ನ ಮಗನಿಗೆ ವಿಶೇಷ ಶಿಕ್ಷಣ ಬೇಕೇ ಎಂದು ಅನುಮಾನವಿರುವ ಎಲ್ಲ ವಿಷಯಗಳಲ್ಲೂ ಪರೀಕ್ಷೆ ಮಾಡಿ, ಪರೀಕ್ಷೆಯ ಯೋಜನೆ ಕಳುಹಿಸಿ. ಕೆಳಗೆ ತಾರೀಖು, ಸಹಿ. ಆ ಇಮೇಲ್ ತಲುಪಿದ ದಿನದಿಂದ ಗಡುವು ಶುರು. 15 ದಿನದಲ್ಲಿ ಯೋಜನೆ ಬರಬೇಕು, ನಾವು ಸಹಿ ಹಾಕಿ ಕೊಟ್ಟ ಮೇಲೆ 60 ದಿನದಲ್ಲಿ ಪರೀಕ್ಷೆ ಮುಗಿದು ಸಭೆ ನಡೆಯಬೇಕು. ಆಗುವುದಿಲ್ಲ ಎನ್ನುವುದಾದರೆ ಅದನ್ನೂ ಕಾರಣ ಸಮೇತ ಬರವಣಿಗೆಯಲ್ಲೇ ಕೊಡಬೇಕು. ನಮಗೆ ಯೋಜನೆ ಬಂತು.

ಆ ಸಭೆಗೆ ಐಇಪಿ ಸಭೆ ಎನ್ನುತ್ತಾರೆ. ಐಇಪಿ ಎಂದರೆ ಆ ಒಂದು ಮಗುವಿಗೆಂದೇ ಬರೆಯುವ ಶಿಕ್ಷಣ ಯೋಜನೆ. ಮೇಜಿನ ಒಂದು ಕಡೆ ಆರೇಳು ಜನ, ಇನ್ನೊಂದು ಕಡೆ ನಾವಿಬ್ಬರು. ಹೆದರಬೇಡಿ. ವರದಿಗಳನ್ನು ಮುಂಚೆಯೇ ಕೇಳಿ ತರಿಸಿಕೊಂಡು ಓದಿ ಹೋಗಿ. ಗುರಿಗಳನ್ನು ಒಂದೊಂದಾಗಿ ನೋಡಿ. 'ಸಂವಹನ ಸುಧಾರಿಸುತ್ತದೆ' ಎಂದು ಬರೆದರೆ ಅದು ಗುರಿಯಲ್ಲ. 'ನೀರು ಬೇಕಾದಾಗ ಟೀಚರ್ ಕೈ ಎಳೆಯದೆ, ಕಾರ್ಡು ತೋರಿಸಿ ಅಥವಾ ಮಾತಾಡಿ 5 ಸಲದಲ್ಲಿ 4 ಸಲ ಕೇಳುತ್ತಾನೆ' ಎಂದು ಬರೆಸಿದರೆ ವರ್ಷದ ಕೊನೆಗೆ ಆಯಿತೋ ಇಲ್ಲವೋ ಎಂದು ಯಾರು ಬೇಕಾದರೂ ಅಳೆಯಬಹುದು. ಅಂದೇ ಸಹಿ ಹಾಕಬೇಕೆಂದೇನಿಲ್ಲ, ಮನೆಗೆ ತಂದು ಓದಿ. ಮನೆಯಲ್ಲಿ ಕನ್ನಡ ಬಿಟ್ಟು ಬರೀ ಇಂಗ್ಲಿಷ್ ಆಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಎರಡು ಭಾಷೆಯಿಂದ ಆಟಿಸಂ ಇರುವ ಮಗುವಿನ ಮಾತು ಕೆಡುವುದಿಲ್ಲ. ಅಜ್ಜಿಯ ಜೊತೆ ಆಡಲು ಅವನಿಗೆ ಇರುವುದು ಕನ್ನಡವೊಂದೇ.

ಅಜ್ಜಿ ಎಂದಾಗ ಐಎಚ್‌ಎಸ್‌ಎಸ್ ನೆನಪಾಗುತ್ತದೆ. ಮನೆಯಲ್ಲೇ ಆರೈಕೆ ಮಾಡುವವರಿಗೆ ಗಂಟೆಯ ಲೆಕ್ಕದಲ್ಲಿ ಸಂಬಳ ಕೊಡುವ ಯೋಜನೆ ಇದು, ಅಮ್ಮನೇ ಆ ಕೆಲಸಕ್ಕೆ ಸೇರಿಕೊಳ್ಳಬಹುದು. ಅದಕ್ಕೆ ಮಗುವಿಗೆ ಮೆಡಿ-ಕ್ಯಾಲ್, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ, ಇರಬೇಕು. ಅಪ್ಪ ಅಮ್ಮನ ಆದಾಯ ಹೆಚ್ಚಿದ್ದರೂ ರೀಜನಲ್ ಸೆಂಟರ್ ಮೂಲಕ ವೇವರ್ (ವಿನಾಯಿತಿ) ಸಿಕ್ಕರೆ ಮಗುವಿನ ಆದಾಯವನ್ನಷ್ಟೇ ನೋಡುತ್ತಾರೆ. ಕೌಂಟಿಯಿಂದ ಸೋಷಿಯಲ್ ವರ್ಕರ್ ಮನೆಗೆ ಬಂದು ಹಲ್ಲುಜ್ಜುವುದು, ಸ್ನಾನ, ಊಟ ಒಂದೊಂದಕ್ಕೂ ಎಷ್ಟು ನಿಮಿಷ ಜೊತೆಗಿರಬೇಕು ಎಂದು ಕೇಳಿ ಬರೆದುಕೊಳ್ಳುತ್ತಾರೆ. ನಮ್ಮ ಮನೆಗೆ ಬಂದ ದಿನ ಹಾಸನದಿಂದ ಬಂದಿದ್ದ ಅತ್ತೆಯೂ ಅಲ್ಲೇ ಕೂತಿದ್ದರು. ನನ್ನ ಗಂಡ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದ್ದೇ ತಡ, "ನಮ್ಮ ಪುಟ್ಟ ಎಲ್ಲಾ ತಾನೇ ಮಾಡ್ಕೋತಾನೆ ಕಣೋ, ಹೇಳು ಅವರಿಗೆ" ಎಂದರು. ಹೊರಗಿನವರ ಮುಂದೆ ಮೊಮ್ಮಗನನ್ನು ಬಿಟ್ಟುಕೊಡದ ಪ್ರೀತಿ ಅದು. "ಅತ್ತೆ, ಅವನನ್ನ ಯಾರೂ ಬೈತಿಲ್ಲ, ನಾವು ಎಷ್ಟು ಹೊತ್ತು ಜೊತೆಗಿರಬೇಕು ಅಂತ ಕೇಳ್ತಿದ್ದಾರೆ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಹೇಳಿದರು: ಬ್ರಷ್ ಬಾಯಲ್ಲಿಟ್ಟುಕೊಂಡು ನಿಂತುಬಿಡುತ್ತಾನೆ, ಕೈ ಹಿಡಿದು ಉಜ್ಜಿಸಬೇಕು, ಪೇಸ್ಟ್ ನುಂಗುತ್ತಾನೆ, ಮೊನ್ನೆ ನಡುರಾತ್ರಿ ಚಿಲಕ ತೆಗೆದು ರಸ್ತೆಗೆ ಹೋಗಿ ನಿಂತಿದ್ದ. ಆ ಕೊನೆಯ ಮಾತು ಬಹಳ ಮುಖ್ಯವಾಗಿತ್ತು. ಅಪಾಯ ತಿಳಿಯದವರನ್ನು ಹಗಲೂ ರಾತ್ರಿ ಕಾಯಬೇಕಾದರೆ 'ಪ್ರೊಟೆಕ್ಟಿವ್ ಸೂಪರ್‌ವಿಷನ್' ಎಂದು ಬೇರೆಯೇ ಗಂಟೆಗಳಿವೆ, ತಿಂಗಳಿಗೆ ಎಲ್ಲ ಸೇರಿ 283ರವರೆಗೆ. ಸೋಷಿಯಲ್ ವರ್ಕರ್ ಬರುವ ಮುಂಚೆ ಒಂದು ವಾರ ನಡೆದದ್ದನ್ನೆಲ್ಲ ಡೈರಿಯಲ್ಲಿ ಬರೆದಿಡಿ.

ರೀಜನಲ್ ಸೆಂಟರ್ ಬೇರೆಲ್ಲೂ ಸಿಗದಿದ್ದಾಗ ಕೊನೆಗೆ ಹಣ ಕೊಡುವ ಸಂಸ್ಥೆ. ಇನ್ಶೂರೆನ್ಸ್ ಕೇಳಿದಿರಾ, ಶಾಲೆ ಕೇಳಿದಿರಾ ಎಂದು ಮೊದಲು ವಿಚಾರಿಸುತ್ತದೆ. ಹಾಗಾಗಿ ಇನ್ಶೂರೆನ್ಸ್‌ನವರು 'ಇಲ್ಲ' ಎಂದು ಕಳಿಸಿದ ಪತ್ರವನ್ನು ಜೋಪಾನವಾಗಿಡಿ, ಮುಂದಿನ ಅರ್ಜಿಗೆ ಅದೇ ಆಧಾರ. ಸರ್ಕಾರದ ನೆರವು ಪಡೆದರೆ ಗ್ರೀನ್ ಕಾರ್ಡ್‌ಗೆ ತೊಂದರೆಯಾದೀತೆಂದು ಶಾಲೆಯ ಸೇವೆಯನ್ನೂ ಬೇಡ ಎನ್ನುವವರನ್ನು ನೋಡಿದ್ದೇನೆ. ಶಾಲೆಯ ವಿಶೇಷ ಶಿಕ್ಷಣ ಶಿಕ್ಷಣವೇ, ಅದಕ್ಕೆ ಹೆದರಬೇಕಿಲ್ಲ. ಎಸ್‌ಎಸ್‌ಐಯಂಥ ಮಾಸಾಶನ ಎಚ್-1ಬಿ, ಅವರ ಕುಟುಂಬದ ಎಚ್-4 ವೀಸಾದವರಿಗೆ ಸಿಗುವುದೇ ಇಲ್ಲ. ಉಳಿದ ಯೋಜನೆಗಳ ಬಗ್ಗೆ ವಲಸೆ ವಕೀಲರನ್ನು ಒಮ್ಮೆ ಕೇಳಿ, ವಾಟ್ಸಾಪ್ ಸುದ್ದಿ ನಂಬಬೇಡಿ. ಕೈ ಹಿಡಿದು ನಡೆಸುವವರೂ ಇದ್ದಾರೆ: ಸ್ಯಾನ್ ಹೋಸೆಯಲ್ಲಿ ಪೇರೆಂಟ್ಸ್ ಹೆಲ್ಪಿಂಗ್ ಪೇರೆಂಟ್ಸ್, ಕಾನೂನಿನ ಸಲಹೆಗೆ ಡಿಸೆಬಿಲಿಟಿ ರೈಟ್ಸ್ ಕ್ಯಾಲಿಫೋರ್ನಿಯಾ.

ಊರಿಂದ ಬರುವವರು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೋ ನಿಮ್ಹಾನ್ಸ್‌ನಲ್ಲೋ ಮಾಡಿಸಿದ ವರದಿಗಳಿದ್ದರೆ ತನ್ನಿ, ಇಲ್ಲಿ ಓದುತ್ತಾರೆ. ಊರಲ್ಲೇ ಇರುವವರಿಗೂ ಕೇಳುವ ಹಕ್ಕಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ಇದೆ. ನನ್ನ ಚಿಕ್ಕಮ್ಮನ ಮಗಳಿಗೆ ಇದನ್ನೆಲ್ಲ ತಿಳಿಸಿದ್ದು ಅವರ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆ. ಅಲ್ಲೂ ಅಷ್ಟೇ, ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ದೊಡ್ಡವರಾದ ಮೇಲಿನ ಕಷ್ಟ ಬೇರೆ. ಇಲ್ಲಿ 18 ತುಂಬಿದ ದಿನ ಮಗ ಕಾನೂನಿನ ಕಣ್ಣಲ್ಲಿ ಸ್ವತಂತ್ರ, ಅವನ ಡಾಕ್ಟರ್ ಜೊತೆ ಮಾತಾಡುವ ಹಕ್ಕೂ ನಮಗೆ ತಾನಾಗಿ ಇರುವುದಿಲ್ಲ. ಕೋರ್ಟಿನಿಂದ ಸೀಮಿತ ಪಾಲಕತ್ವ ಪಡೆಯಬಹುದು. ಅದಕ್ಕಿಂತ ಹಗುರವಾದ ದಾರಿಯಾಗಿ, ಅವನೇ ನಿರ್ಧರಿಸಿ ನಾವು ಜೊತೆ ನಿಲ್ಲುವ ಏರ್ಪಾಡಿಗೂ 2023ರಿಂದ ಕ್ಯಾಲಿಫೋರ್ನಿಯಾ ಕಾನೂನು ಮಾನ್ಯತೆ ಕೊಟ್ಟಿದೆ. ನನಗೆ ಎರಡನೆಯದೇ ಇಷ್ಟ, ಅವನಿಗೆ ಬೇಕು ಬೇಡ ಹೇಳಲು ಬರುತ್ತದೆ. ಶಾಲೆಯ ಸೇವೆ 22ರವರೆಗೆ ಇರುತ್ತದೆ. ಆದರೆ ಹೈಸ್ಕೂಲಿನ ಮಾಮೂಲಿ ಡಿಪ್ಲೊಮಾ ತೆಗೆದುಕೊಂಡರೆ ಅಂದೇ ಮುಗಿಯುತ್ತದೆ, ಪದವಿ ಸಮಾರಂಭದ ಖುಷಿಯಲ್ಲಿ ಇದನ್ನು ಮರೆಯಬೇಡಿ. ಆಮೇಲೆ ಡೇ ಪ್ರೋಗ್ರಾಂ, ಸಹಾಯಕರೊಂದಿಗೆ ಕೆಲಸ, ಎಲ್ಲಕ್ಕೂ ರೀಜನಲ್ ಸೆಂಟರ್‌ನ ಯೋಜನೆಯಲ್ಲೇ ಬರೆಸಬೇಕು.

ನಮ್ಮ ಪರಿಚಯದ ಒಂದು ಕನ್ನಡ ದಂಪತಿಗೆ ಅರವತ್ತು ದಾಟಿದೆ, ಮಗಳಿಗೆ ಮೂವತ್ತರ ಹತ್ತಿರ. ಅವಳಿಗಾಗಿ ಹಣ ಕಾದಿಡುವ ಸ್ಪೆಷಲ್ ನೀಡ್ಸ್ ಟ್ರಸ್ಟ್ ಮಾಡಿಸಿದ್ದಾರೆ, ವೈಕಲ್ಯವಿರುವವರಿಗೆಂದೇ ಇರುವ ಏಬಲ್ ಖಾತೆಯಲ್ಲಿ ಉಳಿತಾಯ ಇದೆ. ಸಿಗದಿರುವುದು ಮನೆ. ನಾವಿರುವ ಈ ಬೇ ಏರಿಯಾದ ಬಾಡಿಗೆಯಲ್ಲಿ ಅವಳಿಗೆ ಹೊಂದುವ, ಸಾರು ಅನ್ನ ತಿನ್ನುವ ಹುಡುಗಿಯನ್ನು ಅರ್ಥಮಾಡಿಕೊಳ್ಳುವ ಜಾಗ ಇನ್ನೂ ಸಿಕ್ಕಿಲ್ಲ. ನಾವು ಕೆಲವು ಕುಟುಂಬಗಳು ಸೇರಿ, ಮೂರ್ನಾಲ್ಕು ಜನ ದೊಡ್ಡ ಮಕ್ಕಳು ಒಟ್ಟಿಗಿರುವಂಥ ಮನೆ ಮಾಡಲು ಏನು ಬೇಕೆಂದು ರೀಜನಲ್ ಸೆಂಟರ್‌ಗೆ ಪತ್ರ ಬರೆದಿದ್ದೇವೆ. ಮುಂದಿನ ತಿಂಗಳು ಸಭೆಗೆ ಕರೆದಿದ್ದಾರೆ.