ಹಳೆ ಜೀನ್ಸ್‌ನಿಂದ ಚೀಲ: ನಾಲ್ಕನೇ ಬ್ಯಾಚ್‌ನ ಲೆಕ್ಕ

ಈ ಸಲ ಕೈಗೆ ಬಂದದ್ದು 42 ಕೆಜಿ ಹಳೆ ಬಟ್ಟೆ. ವಿಂಗಡಿಸಿದ ಮೇಲೆ ಡೆನಿಮ್ 19 ಕೆಜಿ, ಹತ್ತಿಯ ಬೆಡ್‌ಶೀಟ್ 11 ಕೆಜಿ, ಪಾಲಿಯೆಸ್ಟರ್ ಬೆರಕೆ 8 ಕೆಜಿ, ಯಾವುದಕ್ಕೂ ಬಾರದ್ದು 4 ಕೆಜಿ. ಮೂರನೇ ಬ್ಯಾಚ್‌ನಲ್ಲಿ ಒಂದೊಂದು ಚೀಲ 95 ನಿಮಿಷ ತಿಂದಿತ್ತು. ಅದನ್ನು 70ಕ್ಕೆ ಇಳಿಸುವುದು ಈ ಬ್ಯಾಚ್‌ನ ಗುರಿ. ಬಟ್ಟೆ ಪುಕ್ಕಟೆ ಸಿಗಬಹುದು, ಕೈಗೆಲಸ ಪುಕ್ಕಟೆಯಲ್ಲ. ಹೊಲಿಯುವುದಕ್ಕಿಂತ ಬಿಚ್ಚುವುದಕ್ಕೆ ಹೆಚ್ಚು ಹೊತ್ತು ಹೋಗುತ್ತಿದ್ದರೆ ಆ ವಿನ್ಯಾಸವೇ ತಪ್ಪು.

ದಿನ 1, 2: ವಿಂಗಡಣೆ

ತೊಳೆಯುವ ಮೊದಲೇ ವಿಂಗಡಿಸಬೇಕು. ಬಿಸಾಡಲಿರುವುದನ್ನು ತೊಳೆದು ನೀರು, ಸೋಪು ಹಾಳು ಮಾಡುವುದೇಕೆ? ಕೈಗವಸು, ಮಾಸ್ಕ್ ಕಡ್ಡಾಯ. ಜೇಬಿನೊಳಗೆ ಸುಮ್ಮನೆ ಕೈ ಹಾಕಬಾರದು, ಜೇಬನ್ನೇ ಹೊರಕ್ಕೆ ಮಗುಚಬೇಕು. ಪಿನ್ನು, ಬ್ಲೇಡು ಏನು ಬೇಕಾದರೂ ಇರಬಹುದು.

ಮೊದಲು ಬೆಳಕಿಗೆ ಹಿಡಿದು ನೋಡುವುದು: ಸವೆದ ಕಡೆ ಬೆಳಕು ಜಾಸ್ತಿ ಹಾಯುತ್ತದೆ. ಆಮೇಲೆ ಎಳೆದು ನೋಡುವುದು: ಎರಡೂ ಹೆಬ್ಬೆರಳನ್ನು ಅಕ್ಕಪಕ್ಕ ಒತ್ತಿ ಹಾಸಿನ (ಉದ್ದ ಎಳೆಯ) ದಿಕ್ಕಿಗೊಮ್ಮೆ, ಹೊಕ್ಕಿನ (ಅಡ್ಡ ಎಳೆಯ) ದಿಕ್ಕಿಗೊಮ್ಮೆ ಜಗ್ಗಬೇಕು. ಪರ್ರನೆ ಬಿಟ್ಟುಕೊಂಡರೆ ಅದನ್ನು ತುಂಬಿಸುವ ಚಿಂದಿಗೆ ಹಾಕಿ. ಬೂಷ್ಟು ಹಿಡಿದ ಹತ್ತಿಯ ಬಟ್ಟೆ ಬಹಳ ಸಲ ಇಲ್ಲೇ ಸೋಲುತ್ತದೆ. ಶಿಲೀಂಧ್ರ ಹತ್ತಿಯ ಸೆಲ್ಯುಲೋಸನ್ನೇ ತಿಂದಿರುತ್ತದೆ. ತೊಳೆದರೆ ಕಲೆ ಹೋಗಬಹುದು, ಹೋದ ಬಲ ವಾಪಸು ಬರುವುದಿಲ್ಲ.

ಲೇಬಲ್ ಇಲ್ಲದ ಬಟ್ಟೆಯಿಂದ ಒಂದೆರಡು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ಸ್ಟೀಲ್ ತಟ್ಟೆಯ ಮೇಲೆ ಸುಡಬೇಕು. ಹತ್ತಿ ಕಾಗದ ಸುಟ್ಟ ವಾಸನೆ ಬಿಟ್ಟು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಬೆಂಕಿಯಿಂದ ಹಿಂದೆ ಸರಿದು ಕರಗಿ, ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಕೂದಲು ಸುಟ್ಟ ವಾಸನೆ ಬಂದು ಬೆರಳಲ್ಲಿ ಪುಡಿಯಾದರೆ ಉಣ್ಣೆ ಅಥವಾ ರೇಷ್ಮೆ. ಬೆರಕೆ ಬಟ್ಟೆಯಲ್ಲಿ ಎರಡೂ ಲಕ್ಷಣ ಕಾಣುತ್ತವೆ; ಹಾಸು, ಹೊಕ್ಕು ಎರಡರಿಂದಲೂ ಬೇರೆ ಬೇರೆ ಎಳೆ ಸುಟ್ಟು ನೋಡದಿದ್ದರೆ ಮೋಸ ಹೋಗುತ್ತೇವೆ.

ಜೀನ್ಸ್ ಒಟ್ಟು 29. ಮೂರು ಎಳೆತದಲ್ಲೇ ಹೋದವು. ಆರು ಸ್ಟ್ರೆಚ್ ಅಥವಾ ಕಾಲು ತೀರಾ ಕಿರಿದು. ಸ್ಟ್ರೆಚ್ ಡೆನಿಮ್ ಹೊಲಿಯುವಾಗ ಪ್ರೆಸರ್ ಫುಟ್‌ನ (ಯಂತ್ರದಲ್ಲಿ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ) ಕೆಳಗೆ ಹಿಗ್ಗಿ ಅಲೆ ಅಲೆಯಾಗುತ್ತದೆ. ಹಳತಾದರೆ ಒಳಗಿನ ಹಿಗ್ಗುವ ಇಲಾಸ್ಟೇನ್ ಎಳೆ ತುಂಡಾಗಿ ಬಟ್ಟೆ ಜೋಲುತ್ತದೆ, ಅದರಿಂದ ಮಾಡಿದ ಚೀಲವೂ ಜೋಲುತ್ತದೆ. ಉಳಿದದ್ದು 20 ಜೀನ್ಸ್, ಅಂದರೆ 20 ಚೀಲ.

ದಿನ 3: ಒಗೆತ

ಹತ್ತಿಯದೆಲ್ಲ 60 ಡಿಗ್ರಿ ನೀರಿನಲ್ಲಿ, ಗಾಢ ಬಣ್ಣದ್ದು ಬೇರೆ. ಮುಗ್ಗಲು ವಾಸನೆಗೆ ಸೋಡಿಯಂ ಪರ್ಕಾರ್ಬೊನೇಟ್ (ಆಕ್ಸಿಜನ್ ಬ್ಲೀಚ್ ಪುಡಿ) ಬೆರೆಸಿದ ಬಿಸಿನೀರಿನಲ್ಲಿ ನೆನೆಹಾಕುವುದು. ಕ್ಲೋರಿನ್ ಬ್ಲೀಚ್ ಬೇಡ, ಮೊದಲೇ ಸವೆದ ಎಳೆಯನ್ನು ಅದು ಇನ್ನಷ್ಟು ಸೊರಗಿಸುತ್ತದೆ.

ಒಣಗಿದ ಮೇಲೆ ಒದ್ದೆ ಬಿಳಿ ಬಟ್ಟೆಯಿಂದ ಪ್ರತಿ ಜೀನ್ಸನ್ನೂ ಹತ್ತು ಸಲ ಉಜ್ಜಿ ನೋಡಿದ್ದಾಯಿತು. ನಾಲ್ಕರಲ್ಲಿ ನೀಲಿ ಹತ್ತಿತು. ಇಂಡಿಗೊ ಎಳೆಯ ಹೊರಮೈಯಲ್ಲೇ ಹೆಚ್ಚಾಗಿ ಕೂರುವುದರಿಂದ ಉಜ್ಜಿದರೆ ಬಿಡುವುದು ಅದರ ಗುಣ. ಉಪ್ಪು, ವಿನಿಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬುದು ಬರೀ ನಂಬಿಕೆ. ಆ ನಾಲ್ಕಕ್ಕೆ ತಿಳಿ ಬಣ್ಣದ ಅಸ್ತರು ಬಿಟ್ಟು ಕಡುನೀಲಿ ಬೆಡ್‌ಶೀಟ್ ಎತ್ತಿಟ್ಟಿದ್ದೇವೆ.

ದಿನ 4, 5: ಕತ್ತರಿಕೆ

ಸಮಯ ಉಳಿದದ್ದು ಇಲ್ಲೇ. ಹಿಂದಿನ ಬ್ಯಾಚ್‌ನಲ್ಲಿ ಕಾಲಿನ ಒಳಹೊಲಿಗೆಯನ್ನು ಸೀಮ್ ರಿಪ್ಪರ್ ಹಿಡಿದು ಬಿಚ್ಚುತ್ತಿದ್ದೆವು. ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿದ ಜೋಡಣೆ ಅದು. ಒಂದು ಕಾಲಿಗೇ 15 ನಿಮಿಷ ಹಿಡಿಯುತ್ತಿತ್ತು. ಬಿಚ್ಚಿದ ಮೇಲೆ ಸಿಗುವುದೂ ಮಡಿಕೆಯಲ್ಲಿ ಸವೆದ ಅಂಚೇ. ಈಗ ಆ ಹೊಲಿಗೆಯ ಎರಡೂ ಪಕ್ಕ ಕತ್ತರಿ ಓಡಿಸಿ ಪಟ್ಟಿಯನ್ನೇ ತೆಗೆದುಬಿಡುತ್ತೇವೆ. ಆ ಪಟ್ಟಿ ಕೊಂಡಿ, ನೇತುಹಾಕುವ ಕುಣಿಕೆಗೆ ಚೆನ್ನಾಗಿ ಒದಗುತ್ತದೆ.

ಒಳಹೊಲಿಗೆ ಹೋದರೆ ಕಾಲು ಒಂದೇ ಹಾಳೆಯಾಗಿ ತೆರೆದುಕೊಳ್ಳುತ್ತದೆ, ಹೊರಹೊಲಿಗೆ ನಡುವೆ ಉಳಿಯುತ್ತದೆ. ಚೀಲದ ಒಂದು ಮುಖಕ್ಕೆ 40 × 46 ಸೆಂ.ಮೀ. ಬೇಕು, ಒಂದು ಕಾಲಿಗೆ ಒಂದು ಮುಖ. ತೊಡೆಯ ಭಾಗ ಸುಮಾರು 58 ಸೆಂ.ಮೀ. ಅಗಲ ಇರುವುದರಿಂದ ಎರಡೂ ಪಕ್ಕ 9 ಸೆಂ.ಮೀ. ಕತ್ತರಿಸಿ ಹೋಗುತ್ತದೆ. ಒಳತೊಡೆಯ ಉಜ್ಜಿ ಸವೆದ ಜಾಗ ಇರುವುದೂ ಅಲ್ಲೇ, ಹಾಗಾಗಿ ನಷ್ಟವೇನಿಲ್ಲ. ಅಳತೆಗೆ ಅಡ್ಡ ಬರುವುದು ಮೊಣಕಾಲು: ತೆರೆದಾಗ ಅಲ್ಲಿ 41 ಸೆಂ.ಮೀ. ಇಲ್ಲದ ಜೀನ್ಸ್ ಈ ಚೀಲಕ್ಕೆ ಬೇಡ. ಮೊಣಕಾಲು ಸವೆದಿರುವುದರಿಂದ ಆ ತುದಿಯನ್ನು ಚೀಲದ ಬಾಯಿಯ ಕಡೆಗೆ, ಗಟ್ಟಿಯಾದ ತೊಡೆಯ ತುದಿಯನ್ನು ತಳಕ್ಕೆ ತಿರುಗಿಸಬೇಕು. ಭಾರ ಬೀಳುವುದು ತಳದ ಮೇಲೆ.

ಹೊರಹೊಲಿಗೆಯನ್ನು ನೇರ ಗೆರೆ ಎಂದು ನಂಬಬಾರದು. ಡೆನಿಮ್‌ನ ಓರೆ ನೇಯ್ಗೆ ಒಗೆದಂತೆಲ್ಲ ತಿರುಚಿಕೊಳ್ಳುತ್ತದೆ, ಹಳೆ ಜೀನ್ಸ್‌ನ ಪಕ್ಕದ ಹೊಲಿಗೆ ಮುಂದಕ್ಕೋ ಹಿಂದಕ್ಕೋ ಜಾರಿರುವುದು ಅದಕ್ಕೇ. ಒಂದು ಹೊಕ್ಕಿನ ಎಳೆ ಎಳೆದು, ಅದರ ಗುರುತಿಗೆ ಲಂಬವಾಗಿ ಅಳತೆ ಹಾಕಿದರೆ ಚೀಲ ಮುಂದೆ ಒಗೆದಾಗ ತಿರುಚುವುದು ಕಡಿಮೆ.

ಇನ್ನೊಂದು ಸಣ್ಣ ಬದಲಾವಣೆ. ಎರಡೂ ಮುಖಗಳ ನಡುಹೊಲಿಗೆ ತಳದಲ್ಲಿ ಎದುರುಬದುರಾಗಿ ಕೂಡಿ ಗಂಟಿನಂಥ ಉಬ್ಬು ಆಗುತ್ತಿತ್ತು, ಸೂಜಿ ಮುರಿಯುತ್ತಿದ್ದುದು ಅಲ್ಲೇ. ಈಗ ಪ್ರತಿ ಮುಖದಲ್ಲೂ, ಮೇಲ್ಮೈ ನಮ್ಮ ಕಡೆಗಿದ್ದಾಗ, ಆ ಹೊಲಿಗೆಯನ್ನು ನಡುವಿನಿಂದ 2 ಸೆಂ.ಮೀ. ಬಲಕ್ಕೆ ಸರಿಸಿ ಕತ್ತರಿಸುತ್ತೇವೆ. ಮುಖಾಮುಖಿ ಇಟ್ಟಾಗ ಎರಡರ ನಡುವೆ 4 ಸೆಂ.ಮೀ. ಅಂತರ ತಾನಾಗಿಯೇ ಬರುತ್ತದೆ. ಮೊಣಕಾಲು ತೀರಾ ಬಿಗಿಯಿದ್ದ ಜೀನ್ಸ್‌ನಲ್ಲಿ ಅಷ್ಟು ಸರಿಸಲು ಜಾಗ ಸಾಲದು. ಅಂಥ ನಾಲ್ಕರಲ್ಲಿ ಉಬ್ಬನ್ನು ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಬೇಕಾಯಿತು.

ಬೆಡ್‌ಶೀಟ್ ಮಲಗುವ ನಡುಭಾಗದಲ್ಲೇ ಸವೆಯುವುದು. ಅಸ್ತರನ್ನು ಪಕ್ಕದ ಅಂಚು ಮತ್ತು ಕಾಲ್ದೆಸೆಯಿಂದ ಮಾತ್ರ ಕತ್ತರಿಸಿ.

ದಿನ 6ರಿಂದ 10: ಹೊಲಿಗೆ

ಸೂಜಿ 100/16ರ ಜೀನ್ಸ್ ಸೂಜಿ, ಟೆಕ್ಸ್ 60ರ (ಟೆಕ್ಸ್ ಎಂದರೆ ದಾರದ ಗಾತ್ರದ ಅಳತೆ) ಪಾಲಿಯೆಸ್ಟರ್ ದಾರ, ಹೊಲಿಗೆಯ ಉದ್ದ 3.5 ಮಿ.ಮೀ., ಅಂಚಿಗೆ 1.2 ಸೆಂ.ಮೀ. ಬಾಯಿಗೆ 1 + 3 ಸೆಂ.ಮೀ. ಮಡಿಕೆ, ತಳದ ಮೂಲೆಗಳಲ್ಲಿ 8 ಸೆಂ.ಮೀ. ಅಡ್ಡಹೊಲಿಗೆ. ಮುಗಿದಾಗ ಚೀಲ ಸುಮಾರು 29.5 ಸೆಂ.ಮೀ. ಅಗಲ, 37 ಎತ್ತರ, 8 ದಪ್ಪ.

ಬಾಯಿಯ ಮಡಿಕೆ ಪಕ್ಕದ ಹೊಲಿಗೆಯನ್ನು ದಾಟುವಲ್ಲಿ ಹೊಲಿಗೆ ತಪ್ಪುತ್ತದೆ. ಫುಟ್ ಉಬ್ಬನ್ನು ಹತ್ತುವಾಗ ಮೂತಿ ಮೇಲಾಗಿ ಓರೆಯಾಗುತ್ತದೆ, ಕೆಳಗಿನ ಹಲ್ಲು ಬಟ್ಟೆಯನ್ನು ಸರಿಯಾಗಿ ಹಿಡಿಯುವುದಿಲ್ಲ, ಸೂಜಿಯೂ ಬಾಗುತ್ತದೆ. ಫುಟ್‌ನ ಹಿಂಭಾಗದ ಕೆಳಗೆ ಅಷ್ಟೇ ದಪ್ಪದ ಡೆನಿಮ್ ತುಂಡು ತುರುಕಿ ಮಟ್ಟ ಮಾಡಿ, ಆ ನಾಲ್ಕೈದು ಹೊಲಿಗೆಯನ್ನು ಚಕ್ರ ಕೈಯಲ್ಲಿ ತಿರುಗಿಸಿಯೇ ದಾಟಬೇಕು. ಮೋಟರಿನ ಬಲದಲ್ಲಿ ದಾಟಿಸಲು ಹೋದರೆ ಸೂಜಿ ಹೋಯಿತೆಂದೇ ಲೆಕ್ಕ.

ಹಿಡಿಗಳದ್ದೇ ದೊಡ್ಡ ತಲೆನೋವು. ಸೊಂಟಪಟ್ಟಿ ಸಿದ್ಧ ಹಿಡಿಯಂತೆ ಕಂಡರೂ ಸೊಂಟಕ್ಕೆ ಹೊಂದುವಂತೆ ಬಾಗಿಸಿ ಕತ್ತರಿಸಿದ್ದು ನೇರವಾಗಿ ಕೂರುವುದಿಲ್ಲ. ನೇರ ಪಟ್ಟಿಯನ್ನು ಎರಡು ಮಾಡಿದರೆ ಕೈಹಿಡಿಗೆ ಸಾಕು, ಹೆಗಲಿಗೆ ಸಾಲದು. ಡೆನಿಮ್ಮನ್ನು ನಾಲ್ಕು ಪದರ ಮಡಚಿದರೆ ಜೋಡಣೆಯ ಕಡೆ ಎಂಟು ಪದರವಾಗಿ ಯಂತ್ರ ನಿಂತುಬಿಡುತ್ತದೆ. ಕೊನೆಗೆ ಉಳಿದ ವಿಧಾನ: ಮೇಲೆ ಒಂದು ಪದರ ಡೆನಿಮ್, ಕೆಳಗೆ ಬೆಡ್‌ಶೀಟ್, ಡೆನಿಮ್ ತುಂಡುಗಳ ಜೋಡಣೆ 45 ಡಿಗ್ರಿ ಓರೆಯಲ್ಲಿ. ಓರೆಯಾದರೆ ದಪ್ಪ ಒಂದೇ ಕಡೆ ಗುಡ್ಡೆಯಾಗದೆ ಹರಡುತ್ತದೆ.

ಮೊದಲ ಐದು ಚೀಲಕ್ಕೆ 10 ಕೆಜಿ ತುಂಬಿ ಒಂದು ದಿನ ನೇತುಹಾಕಿದ್ದಾಯಿತು. ಒಂದು ಹರಿಯಿತು. ದಾರ ಗಟ್ಟಿಯಾಗಿಯೇ ಇತ್ತು, ಹಿಡಿಯೂ ಸರಿ ಇತ್ತು. ಹಿಡಿಯ ಬುಡದ ಚೌಕ ಹೊಲಿಗೆಯ ಕೆಳಗೆರೆಗುಂಟ ಚೀಲದ ಬಟ್ಟೆಯೇ ಅಂಚೆಚೀಟಿ ಹರಿದಂತೆ ಹರಿದಿತ್ತು. ಆ ಚೌಕಕ್ಕೆ ‘ಭದ್ರವಾಗಲಿ’ ಎಂದು ಹೊಲಿಗೆಯನ್ನು 2 ಮಿ.ಮೀ.ಗೆ ಇಳಿಸಿದ್ದೇ ತಪ್ಪು: ಒಂದು ಸೆಂ.ಮೀ.ಗೆ ಐದು ತೂತು, ಹಳೆ ಎಳೆ ಅಷ್ಟನ್ನು ತಾಳುವುದಿಲ್ಲ. 3.5ಕ್ಕೆ ಏರಿಸಿದರೆ ಮೂರೇ ತೂತು. ಜೊತೆಗೆ ಒಳಗಡೆ 6 × 6 ಸೆಂ.ಮೀ. ಡೆನಿಮ್ ತೇಪೆ ಇಟ್ಟು ಅದರ ಮೇಲೆ ಹಾಯಿಸಿ ಹೊಲಿದ ಮೇಲೆ ಉಳಿದ 15ರಲ್ಲಿ ಒಂದೂ ಹರಿಯಲಿಲ್ಲ. ಮೊದಲಿನ ನಾಲ್ಕರ ಹಿಡಿಯನ್ನೂ ಬಿಚ್ಚಿ ಹೊಲಿಯಬೇಕಾಯಿತು. ಹಳೆ ತೂತಿನ ಸಾಲು ತೇಪೆಯ ಮೇಲೆ ಬರುವಂತೆ ಹಿಡಿಯನ್ನು 1 ಸೆಂ.ಮೀ. ಕೆಳಗಿಳಿಸಿದೆವು.

ಎರಡು ಚೀಲದ ಬಾಯಿ ಒಮ್ಮೆ ಒಗೆದ ಕೂಡಲೇ ಸುಕ್ಕುಗಟ್ಟಿತು. ಹಳೆ ಬಟ್ಟೆ ಕುಗ್ಗುವಷ್ಟು ಮೊದಲೇ ಕುಗ್ಗಿ ಮುಗಿದಿದೆ. ಬಾಯಿಗೆ ಹಾಕಿದ ಹೊಸ ಹತ್ತಿ ಟೇಪ್ ಮಾತ್ರ ಈಗ ಕುಗ್ಗಿ ಜಗ್ಗಿದೆ. ಹೊಸದಾಗಿ ಸೇರಿಸುವ ಟೇಪ್, ಜಿಪ್ ಎಲ್ಲವನ್ನೂ ಮೊದಲು ಬಿಸಿನೀರಿನಲ್ಲಿ ಒಗೆದು ಒಣಗಿಸಿ.

ಲೆಕ್ಕ

ಒಂದು ಚೀಲಕ್ಕೆ ಕತ್ತರಿಕೆ 14 ನಿಮಿಷ (ಹಿಂದೆ 34), ಇಸ್ತ್ರಿ 6, ಮೈ ಹೊಲಿಗೆ 22, ಅಸ್ತರು 12, ಹಿಡಿ 11, ದಾರ ಕತ್ತರಿಸಿ ತಪಾಸಣೆ 5. ಒಟ್ಟು 70. ವಿಂಗಡಣೆ, ಒಗೆತ ಇದರಲ್ಲಿಲ್ಲ. ಅದನ್ನು ಬೇರೆಯೇ ಬರೆದು ಬ್ಯಾಚ್‌ನ ಚೀಲಗಳಿಗೆ ಹಂಚಬೇಕು. ಅದನ್ನು ಬಿಟ್ಟು ಬೆಲೆ ಕಟ್ಟುವವರು ಎರಡನೇ ಬ್ಯಾಚ್‌ಗೇ ಕೈಸುಡಿಸಿಕೊಳ್ಳುತ್ತಾರೆ.

ಮಾರಾಟಕ್ಕೆ ಪ್ರತಿ ಚೀಲದ ಫೋಟೊ ತೆಗೆಯುವುದನ್ನೂ ಬಿಟ್ಟಾಯಿತು. ಕಡು, ಮಧ್ಯಮ, ತಿಳಿ ಎಂದು ಮೂರು ಛಾಯೆ ಮಾಡಿ, ಛಾಯೆಗೊಂದು ಫೋಟೊ ಇಟ್ಟು, ‘ಮಾಸಿದ ಗುರುತು ಚೀಲದಿಂದ ಚೀಲಕ್ಕೆ ಬೇರೆ’ ಎಂದು ಸ್ಪಷ್ಟವಾಗಿ ಬರೆದರೆ ಸಾಕು. ‘ಮೊದಲ ಕೆಲವು ಸಲ ಬೇರೆಯಾಗಿ ಒಗೆಯಿರಿ’ ಎಂಬ ಚೀಟಿ ಮಾತ್ರ ಎಲ್ಲ ಚೀಲಕ್ಕೂ ಇರಲೇಬೇಕು.

ಬಾಕಿ ಉಳಿದದ್ದು: ಮೊಣಕಾಲಿನ ಕೆಳಗಿನ 20 ಜೊತೆ ತುಂಡು, ಕಿರಿದಾದ ಜೀನ್ಸ್, 8 ಕೆಜಿ ಪಾಲಿಯೆಸ್ಟರ್ ಬೆರಕೆ. ತುಂಡುಗಳಿಂದ 18 × 24 ಸೆಂ.ಮೀ. ಜಿಪ್ ಪೌಚ್‌ನ ಅಚ್ಚು ಕತ್ತರಿಸಿಟ್ಟಿದೆ. ಬೆರಕೆಯನ್ನು ಚೂರು ಮಾಡಿ ಕೂರುವ ದಿಂಬಿಗೆ ತುಂಬುವ ಮೊದಲು ಗುಂಡಿ, ಜಿಪ್ ಕಿತ್ತು ಎರಡು ದಿನ ಚೆನ್ನಾಗಿ ಒಣಗಿಸಬೇಕು. ಒಳಗೆ ಪಸೆ ಉಳಿದರೆ ದಿಂಬು ತಿಂಗಳಲ್ಲೇ ನಾರುತ್ತದೆ.