ಅಬರ್ಡೀನಿನಲ್ಲಿ ಬೇನ್ ಮೇಷ್ಟ್ರನ್ನು ಹುಡುಕುತ್ತಾ

ಸ್ಕಾಟ್ಲೆಂಡಿಗೆ ಹೋಗುವ ನಮ್ಮವರು ಎಡಿನ್‌ಬರೋ ನೋಡಿಕೊಂಡು ಸರೋವರಗಳ ಕಡೆ ಹೊರಟುಬಿಡುತ್ತಾರೆ. ಏಪ್ರಿಲ್‌ನಲ್ಲಿ ನಾನು ಅಬರ್ಡೀನಿನ ರೈಲು ಹತ್ತಿದ್ದು ಅಲೆಕ್ಸಾಂಡರ್ ಬೇನ್ ಎಂಬ ತತ್ವಜ್ಞಾನಿಗಾಗಿ. 1818ರಲ್ಲಿ ಆ ಊರಿನ ನೇಕಾರರ ಮನೆಯಲ್ಲಿ ಹುಟ್ಟಿದವನು. 11ನೇ ವಯಸ್ಸಿಗೇ ಶಾಲೆ ಬಿಟ್ಟು ದುಡಿಮೆಗೆ ಇಳಿದ, ಮಗ್ಗದಲ್ಲೂ ಕೂತ. ಮುಂದೆ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಅಂತ 1855 ಮತ್ತು 1859ರಲ್ಲಿ ಎರಡು ದಪ್ಪ ಪುಸ್ತಕ ಬರೆದ.

ಟಿಕೆಟ್ ಬಗ್ಗೆ ಹೇಳಲೇಬೇಕು. ಮುಂಗಡ ತೆಗೆದ ಅಗ್ಗದ ಟಿಕೆಟ್ ಅದೇ ರೈಲಿಗೆ ಮಾತ್ರ ನಡೆಯುತ್ತದೆ. ನಾನಿದ್ದ ಸಿಟಿ ಬಸ್ಸು ತಡವಾಗಿ, ಕಣ್ಣೆದುರೇ ರೈಲು ಹೋಯಿತು. ಮತ್ತೆ ಪೂರ್ತಿ ದುಡ್ಡು ತೆರಬೇಕಾಯಿತು, ಇನ್ನೂ ಹೊಟ್ಟೆ ಉರಿಯುತ್ತದೆ. ನಾಲ್ಕು ಕಾಸು ಜಾಸ್ತಿಯಾದರೂ ಯಾವ ರೈಲಿಗಾದರೂ ನಡೆಯುವ ಟಿಕೆಟ್ಟೇ ತಗೊಳ್ಳಿ.

ಕಿಟಕಿಯಾಚೆ ಹೊಲದ ತುಂಬ ಕುರಿಮರಿಗಳು. ಬೇನ್ ಆಗತಾನೆ ಹುಟ್ಟಿದ ಕುರಿಮರಿಗಳನ್ನು ಕೂತು ಗಮನಿಸಿದ್ದ. ಮರಿ ಸುಮ್ನೆ ಕಾಲಾಡಿಸುತ್ತದೆ, ಅಲ್ಲಿ ಇಲ್ಲಿ ಮೂತಿ ತಾಗಿಸುತ್ತದೆ, ಕೊನೆಗೊಮ್ಮೆ ಕೆಚ್ಚಲು ಸಿಗುತ್ತದೆ. ಫಲ ಕೊಟ್ಟ ಚಲನೆ ಉಳಿಯುತ್ತದೆ, ಮಿಕ್ಕಿದ್ದು ಬಿಟ್ಟುಹೋಗುತ್ತದೆ. ಮಾಡಿ ಮಾಡಿ ಕಲಿಯುವುದು ಎಂಬ ಈ ವಿಚಾರ ಆಮೇಲೆ ಪ್ರಾಣಿಗಳ ಕಲಿಕೆಯ ಅಧ್ಯಯನಕ್ಕೇ ತಳಪಾಯವಾಯಿತು.

ಅಬರ್ಡೀನ್ ಪೂರಾ ಬೂದು ಗ್ರಾನೈಟ್. ಬಿಸಿಲು ಬಿದ್ದರೆ ಕಲ್ಲು ಮಿಣಮಿಣ ಹೊಳೆಯುತ್ತದೆ. ಬೇನ್ ಓದಿದ ಮಾರಿಷಲ್ ಕಾಲೇಜಿನಲ್ಲಿ ಈಗ ನಗರಸಭೆಯ ಕಚೇರಿ. ಊರಿನವರು ಹೊಗಳುವ ರೋವಿ ಎಂಬ ಬನ್ನು ನನಗೆ ಸೇರಲಿಲ್ಲ, ಬರೀ ಉಪ್ಪು, ಜಿಡ್ಡು.

ಕಿಂಗ್ಸ್ ಕಾಲೇಜಿನ ಚಾಪೆಲ್ ಎದುರು, ಕಲ್ಲಿನ ಕಿರೀಟ ಹೊತ್ತ ಗೋಪುರದ ಕೆಳಗೆ, ಬೆಂಚಿನಲ್ಲಿ ಒಬ್ಬ ಅಜ್ಜ ಕೂತಿದ್ದರು. ಬಂದ ಕಾರಣ ಕೇಳಿದರು. ಬೇನ್ ಅಂದೆ.

“ಕರೆಂಟ್ ಗಡಿಯಾರ ಮಾಡಿದವನಾ?”

ಅದು ಅದೇ ಹೆಸರಿನ, ಅದೇ ಕಾಲದ ಇನ್ನೊಬ್ಬ ಸ್ಕಾಟ್ಲೆಂಡಿನವನು. “ಅಲ್ಲ, 1860ರಿಂದ ಇದೇ ಯೂನಿವರ್ಸಿಟಿಯಲ್ಲಿ ತರ್ಕಶಾಸ್ತ್ರ ಕಲಿಸಿದ ಮೇಷ್ಟ್ರು” ಅಂದೆ.

“ಕೇಳಿಲ್ಲವಲ್ಲ. ಏನು ಹೇಳಿದ ಅವನು?”

“ಒಂದನ್ನು ನಂಬುತ್ತೇವೆ ಅಂದರೆ, ಅದರಂತೆ ನಡೆಯೋಕೆ ತಯಾರಿದ್ದೇವೆ ಅಂತ ಅರ್ಥ. ಬರೀ ಬಾಯಿಮಾತಲ್ಲ.”

ಅಜ್ಜ ಯೋಚಿಸಿದರು. ಒಳ್ಳೇ ಬಿಸಿಲಿದ್ದರೂ ದಪ್ಪ ಜಾಕೆಟ್ಟಿಗೆ ಕುತ್ತಿಗೆವರೆಗೆ ಗುಂಡಿ ಹಾಕಿದ್ದರು. ಅದನ್ನೇ ತಟ್ಟಿ, “ಸಮುದ್ರದ ಮಂಜು ಬರುತ್ತೆ ಅಂತ ನಂಬಿದ್ದೀನಿ. ಇದೇ ತಾನೇ?” ಅಂದರು.

ಇದೇ! ಪುಸ್ತಕದಲ್ಲಿ ಪುಟಗಟ್ಟಲೆ ಓದಿದ್ದು ಎದುರಿಗೇ ಕೂತಿತ್ತು.

ಅವರು ಬಿಡಲಿಲ್ಲ. “ಹಾಸಿಗೆ ಹಿಡಿದವನು ಏನೂ ಮಾಡಲಾರ. ಅವನಿಗೆ ನಂಬಿಕೆ ಇಲ್ವಾ?” ಮಾಡಲೇಬೇಕೆಂದಿಲ್ಲ, ಸಂದರ್ಭ ಬಂದರೆ ಮಾಡುವ ಸಿದ್ಧತೆ ಇದ್ದರೆ ಸಾಕು, ಅಂದೆ. “ಹಾಗಾದ್ರೆ ಸರಿ” ಅಂತ ಒಪ್ಪಿದರು. ಸ್ವಲ್ಪ ಹೊತ್ತಿಗೆ ಮಂಜು ಬಂದೇ ಬಂತು. ಬೆಚ್ಚಗಿನ ಬಟ್ಟೆ ಕೈಯಲ್ಲಿರಲಿ.

ನಂಬಿಕೆ ಬಗ್ಗೆ ಬೇನ್ ಹೇಳಿದ ಈ ಒಂದು ಮಾತು ಅಮೆರಿಕದಲ್ಲಿ ದೊಡ್ಡ ಬೆಳೆ ತೆಗೆಯಿತು. 1870ರ ದಶಕದಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜಿನಲ್ಲಿ ಸೇರುತ್ತಿದ್ದ ಗೆಳೆಯರ ಗುಂಪಿನಲ್ಲಿ ನಿಕೋಲಸ್ ಗ್ರೀನ್ ಎಂಬ ವಕೀಲ ಬೇನ್‌ನ ಈ ವ್ಯಾಖ್ಯೆಯನ್ನೇ ಪಟ್ಟುಹಿಡಿದು ಹೇಳುತ್ತಿದ್ದ. ಗುಂಪಿನಲ್ಲಿದ್ದ ತತ್ವಜ್ಞಾನಿ ಚಾರ್ಲ್ಸ್ ಪರ್ಸ್, ಪ್ರಾಗ್ಮ್ಯಾಟಿಸಂ (ಒಂದು ವಿಚಾರದ ಅರ್ಥ ಅದರಿಂದ ಆಗುವ ಪರಿಣಾಮದಲ್ಲಿದೆ ಎನ್ನುವ ಚಿಂತನೆ) ಹುಟ್ಟಿದ್ದೇ ಇದರಿಂದ ಅನ್ನುವಷ್ಟು ಋಣ ಒಪ್ಪಿಕೊಂಡ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್‌ನ ಹೆಸರು ಹಲವರಿಗೆ ಗೊತ್ತು. ಅಭ್ಯಾಸದ ಬಗ್ಗೆ ಬರೆಯುವಾಗ ಅವನು ನೆಚ್ಚಿಕೊಂಡಿದ್ದೂ ಬೇನ್‌ನನ್ನೇ.

1876ರಲ್ಲಿ ಬೇನ್ ಶುರುಮಾಡಿದ ‘ಮೈಂಡ್’ ಎಂಬ ತತ್ವಶಾಸ್ತ್ರದ ಪತ್ರಿಕೆ ಈಗಲೂ ಬರುತ್ತಿದೆ. 1903ರಲ್ಲಿ ಸಾಯುವ ಮುಂಚೆ, ಸಮಾಧಿಗೆ ಕಲ್ಲು ಬೇಡ, ನನ್ನ ಪುಸ್ತಕಗಳೇ ಸಾಕು ಎಂದಿದ್ದನಂತೆ. ಇಷ್ಟೊಂದು ಕಲ್ಲಿನ ಊರಲ್ಲಿ ಹುಟ್ಟಿದವನ ಮಾತು! ಆ ಆಸೆ ನಡೆಯಲಿ. ಆದರೆ ಆ ಎರಡು ಪುಸ್ತಕ ಮತ್ತು ‘ಮೈಂಡ್’ನ ಮೊದಲ ಸಂಚಿಕೆಯನ್ನು ಊರಿನ ಮಧ್ಯೆ, ದಾರಿಹೋಕರ ಕಣ್ಣಿಗೆ ಬೀಳುವಂತೆ ಒಂದು ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕು. ಆ ಅಜ್ಜನಂಥವರು ನಿಂತು ಓದುತ್ತಾರೆ.